ಬರವಣಿಗೆಯೂ ಬದಲಿ ಕೂಲಿಯೆ

ಪರೇಲಿನಲ್ಲಿ ಗಿರಣಿಗಳು ಹಗಲಿರುಳೂ ನಡೆಯುತ್ತಿದ್ದ ಕಾಲದಲ್ಲಿ, ಪಾಳಿ ಆರಂಭವಾಗುವ ಮುನ್ನ ಹೆಬ್ಬಾಗಿಲಿನೆದುರು ಒಂದು ಗುಂಪು ಕಾದು ನಿಲ್ಲುತ್ತಿತ್ತು. ಅವರನ್ನು ‘ಬದಲಿ’ಗಳೆಂದು ಕರೆಯುತ್ತಿದ್ದರು. ಖಾಯಂ ಕೆಲಸಗಾರನು ಅಂದು ಬಾರದಿದ್ದರೆ ಅವನ ಮಗ್ಗ ಇವರ ಪಾಲಿಗೆ. ಬಂದನೆಂದರೆ ಇವರು ಬಂದ ದಾರಿಯಲ್ಲಿಯೇ ಮರಳಬೇಕು. ಕೆಲಸ ಸಿಕ್ಕ ದಿನಕ್ಕೆ ಕೂಲಿ, ಸಿಗದ ದಿನಕ್ಕೆ ಬರಿಗೈ. 1935ರಲ್ಲಿ ಮುಂಬಯಿಯ ಗಿರಣಿ ಮಾಲಿಕರ ಸಂಘವು ಬದಲಿಗಳಿಗೆ ಚೀಟಿ ಕೊಡುವ ಕ್ರಮವನ್ನು ತಂದಿತು. ಆದರೂ ಮುಂಜಾನೆಯ ಕಾಯುವಿಕೆ ತಪ್ಪಲಿಲ್ಲ. 1982ರ ಜನವರಿ 18ರಂದು ತೊಡಗಿದ ಮಹಾಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದ ಮೇಲೆ ಇಂದು ಗಗನಚುಂಬಿ ಕಟ್ಟಡಗಳು ಎದ್ದಿವೆ.

ಗಿರಣಿ ಹೋಯಿತು, ಬದಲಿಯು ಮಾತ್ರ ಹೋಗಲಿಲ್ಲ. ಸಂಬಳವಿಲ್ಲದೆ ಬಿಡಿ ಲೇಖನಗಳನ್ನು ಬರೆದು ಬದುಕಬಯಸುವ ಸ್ವತಂತ್ರ ಬರಹಗಾರನು ಅವನ ದಾಯಾದಿಯೇ ಸರಿ. ಪತ್ರಿಕೆಯಲ್ಲಿ ಸ್ಥಳವಿದ್ದರೆ ಅವನಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಮಗ್ಗದ ನೇಕಾರನಿಗೆ ನೇಯ್ದ ಬಟ್ಟೆಯ ಲೆಕ್ಕದಲ್ಲಿ ಕೂಲಿ ದೊರೆಯುತ್ತಿತ್ತು. ನೂಲು ಹರಿದು ಮಗ್ಗ ನಿಂತ ಹೊತ್ತಿಗೆ ಕೂಲಿಯಿರಲಿಲ್ಲ. ಬರಹಗಾರನಿಗೂ ಅಚ್ಚಾದ ಅಂಕಣಕ್ಕೆ ಮಾತ್ರ ಸಂಭಾವನೆ. ವಿಷಯವನ್ನು ಅರಸಿ ತಿರುಗಿದ ದಿನ, ಹತ್ತಾರು ಜನರನ್ನು ಕಂಡು ವಿಚಾರಿಸಿದ ದಿನ, ಬರೆದುದನ್ನು ಹರಿದುಹಾಕಿ ಮತ್ತೆ ಬರೆದ ರಾತ್ರಿ—ಇವನ್ನೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮ ವಾಚಕರಲ್ಲಿ ಕವಿತೆ, ಕಥೆ, ಲೇಖನಗಳನ್ನು ಬರೆಯುವ ಹೋಟೆಲು ಕಾರ್ಮಿಕ ಬಂಧುಗಳೂ ಗುಮಾಸ್ತರೂ ಇದ್ದಾರೆ. ಒಂದೆರಡು ಬರಹಗಳು ಅಚ್ಚಾದೊಡನೆ ‘ಈ ಚಾಕರಿಯನ್ನು ಬಿಟ್ಟು ಲೇಖನಿಯನ್ನೇ ನಂಬಿದರೆ ಹೇಗೆ?’ ಎಂಬ ಆಸೆ ಮನಸ್ಸಿನಲ್ಲಿ ಮೊಳೆಯುವುದು ಸಹಜ. ಆಸೆಯು ತಪ್ಪಲ್ಲ. ಆದರೆ ಊರಿನಲ್ಲಿ ತಾಯಿತಂದೆಗಳು ತಿಂಗಳ ಹಣದ ದಾರಿ ನೋಡುತ್ತಿರುವಾಗ, ಲೆಕ್ಕವಿಲ್ಲದ ಆಸೆಯ ಬೆಲೆಯನ್ನು ಅವರೂ ತೆರಬೇಕಾಗುತ್ತದೆ.

ಕನ್ನಡದಲ್ಲಿ ಲೇಖನಿಯನ್ನೇ ನಂಬಿದವರು ಇಲ್ಲದಿಲ್ಲ. ಅ. ನ. ಕೃಷ್ಣರಾಯರು (1908–1971) ಬರವಣಿಗೆಯಿಂದಲೇ ಜೀವಿಸಿದರು. ಅದಕ್ಕಾಗಿ ನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆಯಬೇಕಾಯಿತು. ಅವರಿಗಿಂತ ಹಿಂದಿನ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಬರೆಯುವ ಕೈಯೇ ಮಾರುವ ಕೈಯೂ ಆಗಬೇಕಾಯಿತೆಂಬುದನ್ನು ಮರೆಯಬಾರದು.

ಇನ್ನೊಂದು ಮಾರ್ಗವನ್ನು ಮುಂಬಯಿಯೇ ತೋರಿಸಿಕೊಟ್ಟಿದೆ. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು (1928–2014) ಇಲ್ಲಿ ರಾಸಾಯನಿಕ ಉದ್ಯಮದ ನೌಕರಿಯಲ್ಲಿದ್ದುಕೊಂಡೇ ಕಥೆ ಕಾದಂಬರಿಗಳನ್ನು ಬರೆದರು. ‘ಶಿಕಾರಿ’ಯು 1979ರಲ್ಲಿ ಹೊರಬಂದಿತು. ಮರಾಠಿ ಕವಿ ನಾರಾಯಣ ಸುರ್ವೆಯವರು (1926–2010) ಈ ಗಿರಣಿ ವಠಾರದಲ್ಲಿಯೇ ಬೆಳೆದವರು. ಗಿರಣಿಯಲ್ಲಿ ದುಡಿದರು, ಶಾಲೆಯಲ್ಲಿ ಜವಾನರಾದರು, ಮುಂದೆ ಶಿಕ್ಷಕರಾದರು. ಅವರ ಮೊದಲ ಕವನಸಂಗ್ರಹ 1962ರಲ್ಲಿ ಪ್ರಕಟವಾಯಿತು. ಹೊಟ್ಟೆಪಾಡಿನ ಕೆಲಸವು ಇವರ ಬರವಣಿಗೆಯನ್ನು ನಿಲ್ಲಿಸಲಿಲ್ಲ.

ಹಾಗಾದರೆ ಹೊತ್ತೆಲ್ಲಿಂದ ಬರಬೇಕು? ಡಾ. ಅಂಬೇಡ್ಕರರು ವಿದ್ಯಾರ್ಥಿಯಾಗಿದ್ದಾಗ ಪರೇಲಿನ ಚಾಳೊಂದರ ಒಂದೇ ಕೋಣೆಯಲ್ಲಿ ಅವರ ಸಂಸಾರವೆಲ್ಲ ವಾಸವಾಗಿತ್ತು. ಸಂಜೆ ಬೇಗನೆ ಮಲಗಿದ ಮಗನನ್ನು ತಂದೆಯವರು ನಡುರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿದ್ದರು. ಉಳಿದವರು ನಿದ್ರಿಸುತ್ತಿರುವಾಗ ದೀಪದ ಬೆಳಕಿನಲ್ಲಿ ಓದು ಸಾಗುತ್ತಿತ್ತು. ಸ್ಥಳವು ಹೆಚ್ಚಲಿಲ್ಲ, ಹೊತ್ತನ್ನು ಗೊತ್ತುಪಡಿಸಿಕೊಂಡರು, ಅಷ್ಟೆ.

ಹೋಟೆಲಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ರಾತ್ರಿ ಹಿಟ್ಟು ರುಬ್ಬದಿದ್ದರೆ ಬೆಳಿಗ್ಗೆ ಇಡ್ಲಿಯಿಲ್ಲ. ಅಂತೆಯೇ ನಾಳೆ ಬರೆಯತಕ್ಕ ವಿಷಯವನ್ನು ಇಂದೇ ನಾಲ್ಕು ಸಾಲುಗಳಲ್ಲಿ ಗುರುತುಹಾಕಿ ಮಲಗಬೇಕು. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ಚಹಾದವರು ಬರುವ ನಡುವಣ ಬಿಡುವು ಹೋಟೆಲಿನವರದು. ಲೋಕಲ್ ಗಾಡಿಯ ಪ್ರಯಾಣ ಗುಮಾಸ್ತರದು. ದಿನಕ್ಕೆ ಅರ್ಧ ಪುಟವಾದರೂ ವರ್ಷಕ್ಕೆ ನೂರ ಎಂಬತ್ತು ಪುಟಗಳಾಗುತ್ತವೆ. ಎಷ್ಟು ಹೊತ್ತು ಕುಳಿತೆವೆಂಬುದನ್ನು ಎಣಿಸದೆ, ಎಷ್ಟು ಬರೆದೆವೆಂಬುದನ್ನು ಎಣಿಸುವುದು ಮೇಲು.

ಎರಡನೆಯದು ಲೆಕ್ಕದ ಪುಸ್ತಕ. ಗಲ್ಲೆಯ ಮೇಲೆ ಉದ್ರಿ ಬರೆದಿಡದ ಹೋಟೆಲು ಎಷ್ಟು ದಿನ ನಡೆದೀತು? ಯಾವ ಬರಹ, ಯಾರಿಗೆ, ಎಂದು ಕಳುಹಿಸಿದ್ದು, ಎಂದು ಅಚ್ಚಾದುದು, ಸಂಭಾವನೆ ಎಂದು ಬಂದುದು—ಈ ಐದು ಕಲಮುಗಳು ಸಾಕು. ಬಾಕಿ ನಿಂತ ಹಣವನ್ನು ವಿನಯದಿಂದ ಕೇಳುವುದರಲ್ಲಿ ಅವಮಾನವಿಲ್ಲ. ತಾರೀಖು ಕೈಯಲ್ಲಿದ್ದರೆ ಕೇಳುವವನ ಮಾತಿಗೆ ತೂಕವೂ ಬರುತ್ತದೆ.

ಮೂರನೆಯದು ಹಕ್ಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಸಂಬಳದ ನೌಕರನಾಗಿ ಅಲ್ಲದೆ ಸ್ವತಂತ್ರವಾಗಿ ಲೇಖನ ಬರೆದವನೇ ಅದರ ಮೊದಲ ಒಡೆಯನು. ಆ ಒಡೆತನವನ್ನು ಬೇರೊಬ್ಬರಿಗೆ ವಹಿಸಿಕೊಡಬೇಕಾದರೆ ಬರಹದ ಮೂಲಕ, ಸಹಿ ಹಾಕಿಯೇ ಕೊಡಬೇಕು. ಆ ಪತ್ರದಲ್ಲಿ ಅವಧಿಯನ್ನು ಹೇಳಿರದಿದ್ದರೆ 5 ವರ್ಷಗಳೆಂದು ತಿಳಿಯತಕ್ಕದ್ದು. ಲೇಖಕನ ಮರಣಾನಂತರವೂ 60 ವರ್ಷಗಳವರೆಗೆ ಈ ಸ್ವಾಮ್ಯ ಉಳಿಯುತ್ತದೆ. ಬದಲಿಯು ನೇಯ್ದ ಬಟ್ಟೆಯು ಸಂಜೆಯೊಳಗೆ ಮಾಲಿಕನದಾಗುತ್ತಿತ್ತು. ನಿಮ್ಮ ಕಥೆಯು ಅಚ್ಚಾದ ಮೇಲೆಯೂ ನಿಮ್ಮದೇ. ಹತ್ತು ಕಥೆಗಳು ಕೂಡಿದರೆ ಒಂದು ಪುಸ್ತಕವಾದೀತು. ಆದುದರಿಂದ ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿರಿ.

ಇಷ್ಟರ ಮೇಲೂ ಚಾಕರಿಯನ್ನು ಬಿಡುವ ಮನಸ್ಸಿದ್ದರೆ, ಆ ಲೆಕ್ಕದ ಪುಸ್ತಕವನ್ನೇ ಬಿಚ್ಚಿ ನೋಡಿರಿ. ಹನ್ನೆರಡು ತಿಂಗಳುಗಳಲ್ಲಿ ಬರವಣಿಗೆಯ ಹಣ ಅತಿ ಕಡಮೆ ಬಂದ ತಿಂಗಳು ಯಾವುದು? ದೀಪಾವಳಿ ವಿಶೇಷಾಂಕಗಳ ತಿಂಗಳನ್ನು ನೋಡಿ ಹಿಗ್ಗುವುದು ಬೇಡ. ಆ ಬಡ ತಿಂಗಳ ಹಣದಲ್ಲಿ ಖೋಲಿಯ ಬಾಡಿಗೆ, ಊಟದ ಖರ್ಚು, ಊರಿಗೆ ಕಳುಹಿಸುವ ಮೊತ್ತ ಈ ಮೂರೂ ಹೊಂದಿದರೆ, ಧೈರ್ಯದಿಂದ ಹೊರಡಬಹುದು. ಹೊಂದದಿದ್ದರೆ ನೌಕರಿಯೂ ಇರಲಿ, ಅರ್ಧ ಪುಟವೂ ಇರಲಿ. ಅರ್ಧ ಪುಟವನ್ನು ಮಾತ್ರ ಯಾವ ಕಾರಣಕ್ಕೂ ನಾಳೆಗೆ ನೂಕದಿರಿ.