ಬಿಸಿಲುಸೀಮೆಗೆ ಬರುವ ಹಳೇ ಗಿಟಾರ್

ಹಳೇ ಗಿಟಾರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕಂಪನಿ ಕೇಳುತ್ತಾರೆ, ಎಷ್ಟು ವರ್ಷದ್ದೆಂದು ಕೇಳುತ್ತಾರೆ, ಮೈಮೇಲಿನ ಗೀರು ನೋಡಿ ಬೆಲೆ ಇಳಿಸುತ್ತಾರೆ. ಗುಡಿಬಂಡೆಯಲ್ಲಿ ಇದ್ದುಕೊಂಡು ಕೊಳ್ಳುವವರು ಇದಕ್ಕೆಲ್ಲ ಮೊದಲು ಕೇಳಬೇಕಾದದ್ದು, ಆ ಗಿಟಾರ್ ಇಷ್ಟು ದಿನ ಯಾವ ಊರಿನಲ್ಲಿತ್ತು ಎಂದು. ನಾನು ಹೇಳುತ್ತಿರುವುದು ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಯಲ್ಲ. ಮಡಕಶಿರಾದ ಪಕ್ಕದ, 2022ರಲ್ಲಿ ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಗಡಿಯ ಕನ್ನಡದ ಊರು. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿ.ಮೀ. ಮಂಗಳೂರಿನಲ್ಲಿ ಅದು 3,500 ಮಿ.ಮೀ. ದಾಟುತ್ತದೆ. ಗಿಟಾರ್ ತಯಾರಕರು ತಮ್ಮ ವಾದ್ಯಕ್ಕೆ ಹಿತವೆಂದು ಹೇಳುವ ಗಾಳಿಯ ತೇವಾಂಶ ಶೇ 45ರಿಂದ 55. ಬೇಸಿಗೆಯ ಮಧ್ಯಾಹ್ನ ನಮ್ಮ ಬಯಲಿನಲ್ಲಿ ಅದು ಇದಕ್ಕಿಂತ ತೀರಾ ಕೆಳಗಿಳಿಯುತ್ತದೆ.

ಒಣಗಿದ ಮರ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಗಿಟಾರಿನ ಮೇಲ್ಹಲಗೆ ಎರಡೂವರೆ–ಮೂರು ಮಿ.ಮೀ. ದಪ್ಪದ್ದು. ಅದರ ಒಳಮೈಗೆ ಅಡ್ಡಪಟ್ಟಿಗಳನ್ನು ಅಂಟಿಸಿರುವುದರಿಂದ ಹಲಗೆಗೆ ಸಲೀಸಾಗಿ ಕುಗ್ಗಲು ಜಾಗವಿಲ್ಲ. ಒಂದೋ ಒಳಕ್ಕೆ ತಗ್ಗುತ್ತದೆ, ಇಲ್ಲವೇ ಎಳೆಗುಂಟ ಸೀಳುತ್ತದೆ. ಹಾಗಾಗಿ ಮಾರುವವರ ಮಾತಿಗಿಂತ ಗಿಟಾರಿನ ಮೈಯನ್ನೇ ಕೇಳುವುದು ಒಳ್ಳೆಯದು. ನೆಕ್‌ನ ಎರಡೂ ಅಂಚಿಗೆ ಬೆರಳು ಸವರಿದಾಗ ಫ್ರೆಟ್‌ಗಳ ತುದಿ ಚುಚ್ಚಿದರೆ ಮರ ಒಣಗಿದೆ ಎಂದರ್ಥ. ಲೋಹ ಹಾಗೇ ಉಳಿದು ಮರ ಹಿಂದೆ ಸರಿದಿದೆ. ಫ್ರೆಟ್ ಕೂರಿಸಿರುವ ಆ ಮರದ ಪಟ್ಟಿ ಬಹಳ ಗಿಟಾರುಗಳಲ್ಲಿ ನಮ್ಮ ಘಟ್ಟದ ಬೀಟೆಯದೇ. ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಮಲೆನಾಡಿನ ತೇವದಲ್ಲಿ ಬೆಳೆದ ಮರವೆಂಬ ಹೆಮ್ಮೆ ಇರಲಿ, ಅದೂ ಈ ಒಣಗಾಳಿಗೆ ಕುಗ್ಗುತ್ತದೆ. ಬ್ರಿಡ್ಜ್‌ನ ಹಿಂಬದಿಗೆ ತೆಳು ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಟ್ಟಿದೆ. ಮೊಬೈಲ್ ಟಾರ್ಚ್ ಹಚ್ಚಿ ಒಳಗಿನ ಅಡ್ಡಪಟ್ಟಿಗಳನ್ನೂ ನೋಡಿ.

ಇಡೀ ಹಲಗೆಯ ಗಿಟಾರೇ ಶ್ರೇಷ್ಠ, ಪ್ಲೈವುಡ್ಡಿನದು ಆಟಿಕೆ ಎನ್ನುವವರಿದ್ದಾರೆ. ಧ್ವನಿಯ ಆಳದ ಮಾತು ಬಂದಾಗ ಅವರು ಹೇಳುವುದು ಬಹುಮಟ್ಟಿಗೆ ಸರಿ. ಆದರೆ ಪ್ಲೈವುಡ್ಡಿನ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಅಷ್ಟು ಬೇಗ ಸೀಳುವುದಿಲ್ಲ. ಯಮಹಾ 1966ರಲ್ಲಿ ತಂದ ಎಫ್‌ಜಿ–180 ಗಿಟಾರಿನ ಮೇಲ್ಹಲಗೆ ಇಂಥದ್ದೇ. ಅದನ್ನು ಇವತ್ತಿಗೂ ಹುಡುಕಿ ಕೊಳ್ಳುವವರಿದ್ದಾರೆ. ಕೇಸಿನಲ್ಲಿ ಒದ್ದೆ ಸ್ಪಂಜ್ ಇಟ್ಟರೆ ಇಡೀ ಹಲಗೆಯದೂ ಉಳಿಯುತ್ತದಲ್ಲ ಎಂದು ಕೇಳಬಹುದು. ಉಳಿಯುತ್ತದೆ, ವಾರವಾರವೂ ಅದನ್ನು ನೋಡಿಕೊಳ್ಳುವವರಿದ್ದರೆ. ಗೋಡೆಯ ಮೊಳೆಗೆ ನೇತುಹಾಕಿ ಶಾಲೆಗೆ ಹೋಗುವ ಮಕ್ಕಳ ಕೈಗೆ ಕೊಡುವುದಾದರೆ, ನೆಕ್ ನೆಟ್ಟಗಿರುವ ಹಳೇ ಪ್ಲೈವುಡ್ ಗಿಟಾರೇ ನನ್ನ ಆಯ್ಕೆ. ಯಾವುದು ಯಾವುದೆಂದು ತಿಳಿಯಲು ಧ್ವನಿರಂಧ್ರದ ಅಂಚನ್ನು ನೋಡಿ. ಮೇಲಿನ ಎಳೆ ದಪ್ಪದುದ್ದಕ್ಕೂ ಇಳಿದಿದ್ದರೆ ಇಡೀ ಹಲಗೆ, ಪದರ ಕಂಡರೆ ಪ್ಲೈ.

ಗಿಟಾರ್ ಎಂದ ಮೇಲೆ ಧ್ವನಿಯೇ ಮುಖ್ಯವಲ್ಲವೇ ಎಂಬ ಆಕ್ಷೇಪ ಇದಕ್ಕಿಂತ ದೊಡ್ಡದು. ಮಂಕಾದ ಧ್ವನಿಗೆ ಎಷ್ಟೋ ಸಲ ತುಕ್ಕು ಹಿಡಿದ ತಂತಿಯೇ ಕಾರಣ. ಕೆಲವು ನೂರು ರೂಪಾಯಿಯಲ್ಲಿ ಅದು ಸರಿಹೋಗುತ್ತದೆ. ನೆಕ್‌ನ ಕೋನ ಹಾಗೆ ಸರಿಹೋಗುವುದಿಲ್ಲ. ಆರು ಸ್ಟೀಲ್ ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ, ಹಗಲೂ ರಾತ್ರಿ, ವರ್ಷಗಟ್ಟಲೆ. ಉದ್ದನೆಯ ಸ್ಟೀಲ್ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಮಲಗಿಸಿದರೆ ಅದರ ತುದಿ ಬ್ರಿಡ್ಜ್‌ನ ನೆತ್ತಿಗೆ ತಾಗಬೇಕು. ಅದು ಬ್ರಿಡ್ಜಿನ ಮುಂಬದಿಗೆ ಬಡಿದರೆ ನೆಕ್ ಮೇಲೆದ್ದಿದೆ. ಒಳಗಿನ ಟ್ರಸ್ ರಾಡ್ ನೆಕ್‌ನ ಬಾಗನ್ನು ತಿದ್ದುತ್ತದೆಯೇ ಹೊರತು ಕೋನವನ್ನಲ್ಲ. ನೆಕ್ ಬಿಚ್ಚಿ ಕೂರಿಸುವ ರಿಪೇರಿಗೆ ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಓಡಾಡಬೇಕು, ಸಾದಾ ಗಿಟಾರಿನ ಬೆಲೆಗಿಂತ ಕೂಲಿಯೇ ಹೆಚ್ಚಾಗಬಹುದು. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿಯ ಎತ್ತರ ಎರಡೂವರೆ ಮಿ.ಮೀ. ಆಸುಪಾಸು, ತೆಳು ತಂತಿಯದು ಎರಡರ ಒಳಗೆ ಇದ್ದರೆ ಕೈಗೆ ಹಿತ. ಈ ಎತ್ತರ ನಾಲ್ಕು ಮಿ.ಮೀ. ಆದ ಗಿಟಾರಿನಲ್ಲಿ ಬೆರಳು ನೊಂದು, ತನಗೆ ಸಂಗೀತ ಒಲಿಯದೆಂದು ಕೈಬಿಡುವ ಮಗು ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ. ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿದ ಕೂಡಲೇ ನುಡಿಸುವುದು ಸುಲಭವಾದರೆ ಮಾತ್ರ ಗಾಬರಿ ಬೇಡ. ಅದು ನಟ್‌ನ ಕಚ್ಚುಗಳು ಮೇಲಿರುವ ದೋಷ, ಅರದಿಂದ ಉಜ್ಜಿ ಸರಿಪಡಿಸುವ ಸಣ್ಣ ಕೆಲಸ.

ಇನ್ನು ಕೊಳ್ಳುವ ಕಾಲ. ಮಳೆಗಾಲದಲ್ಲಿ ಮರ ಉಬ್ಬಿ ಸಣ್ಣ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಫ್ರೆಟ್ ತುದಿಗಳೂ ಅಡಗುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಎಲ್ಲವೂ ಹೊರಗೆ ಕಾಣುತ್ತದೆ. ಹಿಂದೂಪುರದಲ್ಲೋ ಶಿರಾದಲ್ಲೋ ಪಾವಗಡದಲ್ಲೋ ಎರಡು ಬೇಸಿಗೆ ಕಳೆದು ಆಗಲೂ ನೆಟ್ಟಗಿರುವ ಗಿಟಾರ್ ಸಿಕ್ಕರೆ, ಕರಾವಳಿಯಿಂದ ಬರುವ ಹೊಳಪಿನ ಗಿಟಾರಿಗಿಂತ ಸಾವಿರ ರೂಪಾಯಿ ಹೆಚ್ಚು ಕೊಟ್ಟಾದರೂ ಅದನ್ನೇ ತರಬಹುದು.