ಸುಗ್ಗಿಯ ಧೂಳು ಮತ್ತು ದಮ್ಮಿನ ಉಪಚಾರ: ಸೇದುವ ಔಷಧವೋ, ಸೂಜಿಯ ಔಷಧವೋ?

ರಟ್ಟೀಹಳ್ಳಿ, ಹಿರೇಕೆರೂರ ಸೀಮೆಯಲ್ಲಿ ಗೋವಿನಜೋಳದ ರಾಶಿಯು ಆರಂಭವಾದೊಡನೆ ಕಣಗಳಲ್ಲಿ ಹೊಟ್ಟಿನ ಧೂಳು ಏಳುವದು. ತೇವದಿಂದ ಮುಗ್ಗಿದ ತೆನೆಗಳಿದ್ದರೆ ಬೂಷ್ಟಿನ ಸೂಕ್ಷ್ಮ ಬೀಜಾಣುಗಳೂ ಅದರೊಡನೆ ಗಾಳಿಗೆ ಸೇರುವವು. ನಿರೋಗಿಗಳಿಗೆ ಇದರಿಂದ ಕೆಮ್ಮು, ಸೀನು ಮಾತ್ರ ಬರಬಹುದು. ದಮ್ಮಿನ ವ್ಯಾಧಿಯುಳ್ಳವರಿಗಾದರೋ ಇದೇ ಧೂಳು ಪ್ರಾಣಾಂತಿಕವಾಗಬಹುದು. ಕಣದಲ್ಲಿ ದುಡಿಯುವ ಆಳಿಗೆ ಉಸಿರು ಕಟ್ಟಿದಾಗ ಹತ್ತಿರವಿರುವವರು ಹೊಲದ ಒಡೆಯರೂ ಊರ ಹಿರಿಯರೂ ಆದುದರಿಂದ, ಆಗ ಮಾಡತಕ್ಕ ಉಪಚಾರದ ತಿಳಿವಳಿಕೆಯು ಅವರಿಗೆ ಅವಶ್ಯವಾಗಿರುತ್ತದೆ.

ದಮ್ಮು ಕೆರಳಿದಾಗ ಶ್ವಾಸನಾಳಗಳ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುವವು. ಒಳಪೊರೆಯು ಬಾತು ಕಫವು ತುಂಬುವದು. ಆದುದರಿಂದ ಉಪಚಾರದ ಕೆಲಸಗಳು ಎರಡು: ಬಿಗಿದ ಸ್ನಾಯುಗಳನ್ನು ಕೂಡಲೆ ಸಡಿಲಿಸುವದು, ಬಾವನ್ನು ಇಳಿಸುವದು.

ಸೂಜಿ ಚುಚ್ಚಿದ ಹೊರತು ದಮ್ಮು ಬಗ್ಗದೆಂಬ ನಂಬಿಗೆಯು ಕಾರಣವಿಲ್ಲದೆ ಬೆಳೆದುದಲ್ಲ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಅಡ್ರಿನಲಿನ್, ಅಮಿನೊಫಿಲಿನ್ ಎಂಬ ಔಷಧಗಳ ಚುಚ್ಚುಮದ್ದೇ ವೈದ್ಯರಿಗೆ ಮುಖ್ಯ ಆಧಾರವಾಗಿತ್ತು. 1956ರಲ್ಲಿ ಅಳತೆಯ ಪ್ರಮಾಣದಲ್ಲಿ ಔಷಧವನ್ನು ಚಿಮ್ಮುವ ಇನ್‌ಹೇಲರ್ ಬಂದಿತು. 1969ರಲ್ಲಿ ಸಾಲ್ಬ್ಯುಟಮಾಲ್ ಬಳಕೆಗೆ ಬಂದಿತು. ಅಂದಿನಿಂದ ಉಪಚಾರದ ಕ್ರಮವೇ ಬದಲಾಯಿತು.

ಇನ್‌ಹೇಲರಿನ ಒಂದು ಚಿಮ್ಮಿನಲ್ಲಿರುವ ಸಾಲ್ಬ್ಯುಟಮಾಲ್ 100 ಮೈಕ್ರೋಗ್ರಾಮ್ ಮಾತ್ರ. ಅದೇ ಔಷಧದ ಗುಳಿಗೆಯಲ್ಲಿ 2 ಅಥವಾ 4 ಮಿಲಿಗ್ರಾಮ್, ಅಂದರೆ 20ರಿಂದ 40 ಪಟ್ಟು ಇರುತ್ತದೆ. ಸೇದಿದ ಔಷಧವು ನೇರವಾಗಿ ಶ್ವಾಸನಾಳಕ್ಕೆ ತಲುಪಿ ಕೆಲವೇ ನಿಮಿಷಗಳಲ್ಲಿ ಗುಣ ತೋರುವದು. ಇಂಥ ಔಷಧವನ್ನು ಚುಚ್ಚಿದರೆ ಅದು ರಕ್ತದೊಡನೆ ಸರ್ವಾಂಗಕ್ಕೂ ಹರಡುವದರಿಂದ ಎದೆಬಡಿತ, ಕೈನಡುಕಗಳು ಹೆಚ್ಚುವವು. ಅಮಿನೊಫಿಲಿನ್ನಿನಲ್ಲಿ ಗುಣಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರವು ಅಲ್ಪ. ಅಡ್ರಿನಲಿನ್ ಚುಚ್ಚುಮದ್ದು ಜೇನುಹುಳದ ಕಡಿತ ಮೊದಲಾದವುಗಳಿಂದ ಮೈಯೆಲ್ಲ ಕೆರಳಿ ಉಸಿರು ಕಟ್ಟಿದಾಗ ಜೀವರಕ್ಷಕವು. ಬರಿಯ ದಮ್ಮಿಗೆ ಅದನ್ನು ಸಾಮಾನ್ಯವಾಗಿ ಕೊಡುವದಿಲ್ಲ.

ಹಾಗೆಂದು ಸೂಜಿಯು ನಿರುಪಯೋಗಿಯಲ್ಲ. ಸೇದುವ ಔಷಧಕ್ಕೆ ಬಗ್ಗದ ತೀವ್ರ ದಮ್ಮಿಗೆ ದವಾಖಾನೆಯಲ್ಲಿ ಮೆಗ್ನೀಸಿಯಮ್ ಸಲ್ಫೇಟನ್ನು ರಕ್ತನಾಳದಿಂದ ಕೊಡುವರು. ಬಾವನ್ನಿಳಿಸುವ ಸ್ಟೆರಾಯ್ಡ್ ಮಾತ್ರ, ರೋಗಿಯು ನುಂಗಬಲ್ಲವನಾದರೆ, ಗುಳಿಗೆಯಿಂದಲೂ ಚುಚ್ಚುಮದ್ದಿನಷ್ಟೇ ಗುಣ ಕೊಡುವದು. ಎರಡು ವಿಧದಲ್ಲಿಯೂ ಪರಿಣಾಮಕ್ಕೆ ಕೆಲವು ಗಂಟೆಗಳು ಬೇಕು. ಕಾರಣ ಆ ಸೂಜಿಯೊಂದನ್ನೇ ನೆಚ್ಚಿ ಕಾಲ ಕಳೆಯುವದು ಅಪಾಯಕರ.

ಚಿಮ್ಮಿದ ಔಷಧವು ಬಾಯಲ್ಲಿಯೇ ಉಳಿಯದಂತೆ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಬೇಕು. ಇದು ವಿದ್ಯುತ್ತಿನಿಂದ ನಡೆಯುವ ನೆಬ್ಯುಲೈಸರಿನಷ್ಟೇ ಗುಣಕಾರಿಯಾದುದರಿಂದ ಹೊಲದಲ್ಲಿಯೂ ಉಪಯೋಗಕ್ಕೆ ಬರುವದು. ಅರ್ಧ ಲೀಟರಿನ ಪ್ಲಾಸ್ಟಿಕ್ ಸೀಸೆಯ ತಳಕ್ಕೆ ಇನ್‌ಹೇಲರನ್ನು ಬಿಗಿಯಾಗಿ ಕೂಡಿಸಿದ ಸಾಧನವೂ ಮಕ್ಕಳಲ್ಲಿ ಕೊಂಡ ಸ್ಪೇಸರಿನಂತೆಯೇ ಕೆಲಸ ಮಾಡಿತೆಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದಿದೆ.

ರೋಗಿಯನ್ನು ಮಲಗಿಸದೆ ಕೂಡ್ರಿಸಿ, ಧೂಳಿನಿಂದ ದೂರ ಸರಿಸಬೇಕು. ಇನ್‌ಹೇಲರನ್ನು ಅಲುಗಾಡಿಸಿ, ಒಂದು ಸಲಕ್ಕೆ ಒಂದೇ ಚಿಮ್ಮನ್ನು ಸ್ಪೇಸರಿಗೆ ಬಿಟ್ಟು, ನಾಲ್ಕಾರು ಸಲ ಉಸಿರಾಡಿಸಬೇಕು. ಹೀಗೆ ನಾಲ್ಕು ಚಿಮ್ಮುಗಳಾದ ಮೇಲೂ ಗುಣ ಕಾಣದಿದ್ದರೆ 108ಕ್ಕೆ ಕರೆಮಾಡಿ, ಗಾಡಿ ಬರುವ ವರೆಗೆ ಇದನ್ನೇ ಮುಂದುವರಿಸಬೇಕು. ಪೂರ್ಣ ವಾಕ್ಯ ಆಡಲಾಗದಿರುವದು, ತುಟಿ ನೀಲಿಯಾಗುವದು, ಮಂಪರು ಕವಿಯುವದು ಮೃತ್ಯುವು ಸಮೀಪಿಸಿದ ಚಿಹ್ನೆಗಳು. ಇವು ಕಂಡರೆ ಕ್ಷಣವೂ ಕಾಯಲಾಗದು.

ಇನ್‌ಹೇಲರ್ ಚಟ ಹಿಡಿಸುವದೆಂಬ ಮಾತು ಹುಸಿ. ಆದರೆ ಸಾಲ್ಬ್ಯುಟಮಾಲ್ ಒಂದನ್ನೇ ಪದೇ ಪದೇ ಸೇದಬೇಕಾಗುವವನು ವೈದ್ಯರನ್ನು ಕಂಡು, ಬಾವನ್ನು ತಡೆಯುವ ಸ್ಟೆರಾಯ್ಡ್ ಇನ್‌ಹೇಲರನ್ನು ಕ್ರಮವಾಗಿ ತೆಗೆದುಕೊಳ್ಳತಕ್ಕದ್ದು. ಜಮೀನುದಾರರು ರಾಶಿಯ ಯಂತ್ರದ ಹೊಟ್ಟು ಆಳುಗಳ ಮೇಲೆ ಬೀಳದಂತೆ ಗಾಳಿಯ ದಿಕ್ಕು ನೋಡಿ ನಿಲ್ಲಿಸಬೇಕು. ದಮ್ಮುಳ್ಳವರಿಗೆ ಕಣದಿಂದ ದೂರದ ಕೆಲಸವನ್ನು ಒಪ್ಪಿಸಿ, ಅವರ ಇನ್‌ಹೇಲರ್ ಮನೆಯಲ್ಲಿ ಉಳಿಯದೆ ಬುತ್ತಿಯೊಡನೆ ಹೊಲಕ್ಕೆ ಬರುವಂತೆ ನೋಡಿಕೊಳ್ಳಬೇಕು.