ಗಣಕಲೋಕದ ದಲ್ಲಾಳಿಗಳೂ ನಮ್ಮ ಅಕ್ಷರಗಳೂ



ಐರೋಲಿ, ಮಹಾಪೆ ಕಡೆಯ ಕಂಪನಿಗಳಿಗೆ ಸಾನಪಾಡಾದಿಂದ ದಿನವೂ ರೈಲು ಹತ್ತುವ ನಿಮ್ಮಲ್ಲಿ ಅನೇಕರಿಗೆ ‘ಮೆಸೇಜ್ ಬ್ರೋಕರ್’ ಎಂಬ ಮಾತು ಹೊಸದಲ್ಲ. ಇಂಗ್ಲಿಷ್ ಸಾಹಿತ್ಯ ಓದಿ ಮನೆವಾರ್ತೆಯಲ್ಲಿ ತೊಡಗಿದ ನನ್ನಂಥವಳಿಗೆ ಆ ಮಾತು ಕೇಳಿದೊಡನೆ ನೆನಪಾಗುವುದು ನಮ್ಮ ಮಗ್ಗುಲಲ್ಲೇ ಇರುವ ವಾಶಿಯ ಎಪಿಎಂಸಿ ಮಾರುಕಟ್ಟೆ. ಮಾವು ಬೆಳೆದ ರೈತನಿಗೂ ಕೊಳ್ಳುವ ವ್ಯಾಪಾರಿಗೂ ಮುಖಪರಿಚಯ ಇರಬೇಕಾಗಿಲ್ಲ. ನಡುವೆ ದಲ್ಲಾಳಿ ಇದ್ದಾನೆ. ಮಾಲು ಇಳಿಸಿಕೊಳ್ಳುತ್ತಾನೆ, ಕಾಪಾಡುತ್ತಾನೆ, ಬಂದವರಿಗೆ ಒಪ್ಪಿಸುತ್ತಾನೆ. ಒಂದು ಗಣಕಯಂತ್ರದ ಸಂದೇಶ ಪಡೆದು, ಇನ್ನೊಂದಕ್ಕೆ ಬಿಡುವಾಗುವವರೆಗೆ ಕಾದಿರಿಸಿ ತಲಪಿಸುವ ತಂತ್ರಾಂಶದ ಕೆಲಸವೂ ಇದೇ.

ಇಂಥ ದಲ್ಲಾಳಿಗಳಲ್ಲಿ ಹೆಸರಾದ ಹಲವು ಓಪನ್ ಸೋರ್ಸ್. ಎಂದರೆ ಅವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆಕ್ಟಿವ್‌ಎಂಕ್ಯೂ 2004ರಲ್ಲಿ, ರ‍್ಯಾಬಿಟ್‌ಎಂಕ್ಯೂ 2007ರಲ್ಲಿ ಬಂದವು. ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಹುಟ್ಟಿದ ಕಾಫ್ಕಾ 2011ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದನ್ನು ಕಟ್ಟಿದ ಮೂವರಲ್ಲಿ ಒಬ್ಬರಾದ ನೇಹಾ ನಾರಖೇಡೆ ನಮ್ಮ ಪುಣೆಯಲ್ಲಿ ಬೆಳೆದವರು. ಸಾಹಿತಿ ಫ್ರಾಂಜ್ ಕಾಫ್ಕಾನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ!

ತೊಡಕು ಇರುವುದು ಇಲ್ಲಿ. ಒಂದೇ ಕಚೇರಿಯಲ್ಲಿ ಒಂದು ವಿಭಾಗ ಆಕ್ಟಿವ್‌ಎಂಕ್ಯೂ ಹಿಡಿದಿರುತ್ತದೆ, ಇನ್ನೊಂದು ಕಾಫ್ಕಾ. ಇವುಗಳ ಆಡುಮಾತು ಬೇರೆ ಬೇರೆ. ಮನೆಯಲ್ಲಿ ಕನ್ನಡ, ಬಾಜಾರದಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್ ಆಡಿ ಬೆಳೆದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲರಿಗೂ ಒಂದೇ ಮಾತು ಇರಲೆಂದು 2003ರಲ್ಲಿ ಜೆಪಿ ಮೋರ್ಗನ್ ಚೇಸ್ ಬ್ಯಾಂಕಿನ ಜಾನ್ ಓಹಾರಾ ಅವರು ಎಎಂಕ್ಯೂಪಿ ಎಂಬ ನಿಯಮಾವಳಿಗೆ ಕೈಹಾಕಿದರು. 2012ರಲ್ಲಿ ಅದರ 1.0 ಆವೃತ್ತಿ ಮಾನ್ಯತೆ ಪಡೆಯಿತು. ಆದರೆ ರ‍್ಯಾಬಿಟ್‌ಎಂಕ್ಯೂ ಬಹುಕಾಲದಿಂದ ಬಳಸಿಕೊಂಡು ಬಂದ 0-9-1 ಆವೃತ್ತಿಗೂ ಇದಕ್ಕೂ ಹೆಸರು ಮಾತ್ರ ಒಂದೇ. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ.

ಹೀಗಾಗಿ ದುಭಾಷಿ ಬೇಕಾಯಿತು. ಹೋಪೆ ಮತ್ತು ವುಲ್ಫ್ 2003ರಲ್ಲಿ ಬರೆದ ಗ್ರಂಥದ ಸೂತ್ರಗಳನ್ನು ಆಧರಿಸಿ 2007ರಲ್ಲಿ ಅಪಾಚೆ ಕ್ಯಾಮೆಲ್ ಬಂದಿತು. ಒಂದು ಕಡೆಯಿಂದ ಸಂದೇಶ ಎತ್ತಿ, ಬೇಕಾದ ರೂಪಕ್ಕೆ ತಿರುಗಿಸಿ ಮತ್ತೊಂದು ಕಡೆ ಇಳಿಸುವುದು ಇದರ ಕೆಲಸ. ಎರಡು ಮನೆಗಳು ಕೂಡಿಕೊಂಡದ್ದೂ ಉಂಟು. ಹಾರ್ನೆಟ್‌ಕ್ಯೂ ಬಳಗ 2014ರಲ್ಲಿ ತನ್ನ ಬರಹವನ್ನೆಲ್ಲ ಆಕ್ಟಿವ್‌ಎಂಕ್ಯೂ ಬಳಗಕ್ಕೆ ಧಾರೆ ಎರೆಯಿತು. ಅದರಿಂದ ಹುಟ್ಟಿದ್ದೇ ಆರ್ಟೆಮಿಸ್.

ಕೂಡಿಸುವಾಗ ಎಚ್ಚರ ಬೇಕು. ದುಭಾಷಿಯು ಸಂದೇಶವನ್ನು ಆಚೆ ಒಪ್ಪಿಸಿ, ಈಚೆ ‘ಮುಟ್ಟಿತು’ ಎಂದು ಹೇಳುವಷ್ಟರಲ್ಲಿ ಕರೆಂಟು ಹೋಯಿತೆನ್ನಿ. ಮತ್ತೆ ಎದ್ದಾಗ ಅದೇ ಸಂದೇಶ ಎರಡನೆಯ ಸಲ ಹೋಗುತ್ತದೆ. ಅದು ಹಣ ಕಡಿತದ ಸಂದೇಶವಾದರೆ ಯಾರದೋ ಖಾತೆಯಿಂದ ಎರಡು ಸಲ ಹಣ ಹೋದಂತೆಯೇ. ಪ್ರತಿ ಸಂದೇಶಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಮೊದಲೇ ಕಂಡದ್ದನ್ನು ಬಿಟ್ಟುಬಿಡುವುದು ಇದಕ್ಕೆ ಮದ್ದು. ಬಾಗಿಲಿನ ಕಾವಲೂ ಮುಖ್ಯ. 2023ರ ಅಕ್ಟೋಬರಿನಲ್ಲಿ ಆಕ್ಟಿವ್‌ಎಂಕ್ಯೂವಿನ ಓಪನ್‌ವೈರ್ ಎಂಬ ಬಾಗಿಲಿನಲ್ಲಿ ಹತ್ತಕ್ಕೆ ಹತ್ತು ಅಂಕದಷ್ಟು ಗಂಭೀರ ದೋಷ ಬಯಲಾಯಿತು. ತಿದ್ದಿದ ಆವೃತ್ತಿ ಹೊರಬಂದರೂ, ಅದನ್ನು ಹಾಕಿಕೊಳ್ಳದವರ ಯಂತ್ರಗಳಿಗೆ ಸುಲಿಗೆಕೋರರು ನುಗ್ಗಿದರು.

ಇನ್ನು ನನ್ನ ಮನಸ್ಸಿಗೆ ಹತ್ತಿರವಾದ ವಿಷಯ. ‘ಸಾನಪಾಡಾ’ ಎಂದು ಕನ್ನಡದಲ್ಲಿ ಬರೆದರೆ ಕಣ್ಣಿಗೆ ನಾಲ್ಕೇ ಅಕ್ಷರ. ಯುನಿಕೋಡ್‌ನಲ್ಲಿ ದೀರ್ಘದ ಗುರುತುಗಳೂ ಸೇರಿ ಏಳು ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಸಂಕೇತಕ್ಕೆ ಮೂರರಂತೆ 21 ಬೈಟ್. ಇದು ಯಾವ ಪದ್ಧತಿಯೆಂದು ಆಚೆಯ ಯಂತ್ರಕ್ಕೆ ಹೇಳದಿದ್ದರೆ ಅದು 21 ಪಾಶ್ಚಾತ್ಯ ಚಿಹ್ನೆಗಳೆಂದು ಓದಿಕೊಳ್ಳಬಹುದು. ಅದನ್ನಾದರೂ ತಿದ್ದಬಹುದು. ಕನ್ನಡವನ್ನೇ ಅರಿಯದ ಪದ್ಧತಿಗೆ ನಡುವೆ ಯಾರಾದರೂ ತಿರುಗಿಸಿದರೆ ಉಳಿಯುವುದು ಏಳು ಪ್ರಶ್ನಾರ್ಥಕ ಚಿಹ್ನೆ. ಮೂಲ ಮತ್ತೆ ಸಿಗದು. ಊರಿನಲ್ಲಿರುವ ನಿಮ್ಮ ಅಜ್ಜಿಯ ಹೆಸರು ಆಸ್ಪತ್ರೆಯ ದಾಖಲೆಯಲ್ಲಿ ಹೀಗಾದರೆ ಅವರನ್ನು ಗುರುತಿಸುವವರು ಯಾರು?

ಇಂಗ್ಲಿಷಿನಲ್ಲೇ ಪರೀಕ್ಷಿಸುವವರಿಗೆ ಈ ದೋಷ ಕಾಣುವುದೇ ಇಲ್ಲ. ಮುಂದಿನ ಸಲ ಎರಡು ತಂತ್ರಾಂಶ ಕೂಡಿಸುವಾಗ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಕಳುಹಿಸಿ, ಆಚೆ ಹೇಗೆ ಇಳಿಯಿತೆಂದು ನೋಡಿ. ಕೆಟ್ಟಿದ್ದರೆ ಆ ಬಳಗಕ್ಕೆ ವಿವರವಾಗಿ ಬರೆದು ತಿಳಿಸಿ. ಬಲ್ಲವರು ತಿದ್ದಿಯೇ ಕಳುಹಿಸಿ. ಓಪನ್ ಸೋರ್ಸ್ ಆದ್ದರಿಂದ ಆ ಹಕ್ಕು ನಿಮಗಿದೆ. ಕನ್ನಡ ಓದಲು ಬರುವುದಿಲ್ಲ ಎನ್ನುವವರು ಮೊದಲು ತಮ್ಮ ಹೆಸರನ್ನಾದರೂ ಬರೆಯಲು ಕಲಿಯಿರಿ. ಅಮ್ಮಂದಿರಾದ ನಾವು ಕಲಿಸಲು ಸಿದ್ಧರಿದ್ದೇವೆ.